ನಾಗಪುರದ ದಾರಿಯಲ್ಲಿ ನಾವು ಕಂಡದ್ದು

ಸಮಾಜವಾದಿ ಪತ್ರಿಕೆಗೆ ಧರ್ಮಸಮ್ಮೇಳನದಲ್ಲಿ ಏನು ಕೆಲಸ? ವಾಚಕರು ಈ ಪ್ರಶ್ನೆ ಹಾಕುವುದಕ್ಕೆ ಮುಂಚೆಯೇ ನಮ್ಮ ಪಕ್ಷದ ಗೆಳೆಯರೊಬ್ಬರು ಹಾಕಿದರು. "ಕೂಲಿ ಕೇಳುವುದಕ್ಕೆ ತಾಲ್ಲೂಕು ಕಚೇರಿಯ ಮುಂದೆ ನೂರು ಜನ ಸೇರುವುದಿಲ್ಲ. ನಾಗಪುರಕ್ಕಾದರೆ ಸಾಲ ಮಾಡಿಯಾದರೂ ಬಸ್ಸು ಹತ್ತುತ್ತಾರೆ. ನೀವೂ ಅವರ ಹಿಂದೆ ಹೊರಟಿರಾ?" ಎಂದರು. ನಾವು ಆಗ ಏನೋ ಒಂದು ಹೇಳಿ ಜಾರಿಕೊಂಡೆವು. ಸರಿಯಾದ ಉತ್ತರ ನಮ್ಮಲ್ಲಿ ಇರಲಿಲ್ಲವೆಂಬುದೇ ನಿಜ. ನಾಲ್ಕು ರಾತ್ರಿ, ಮೂರು ಹಗಲು ಆ ಜನರ ಜೊತೆ ಹೋಗಿ ಬಂದ ಮೇಲೆ ಉತ್ತರ ದೊರಕಿದೆ. ಅದು ನಮ್ಮ ಗೆಳೆಯರಿಗೆ ಪೂರ್ತಿ ಹಿಡಿಸಲಾರದು. ನಾಗಪುರದ ಯಾತ್ರಿಕರಿಗೂ ಪೂರ್ತಿ ಹಿಡಿಸಲಾರದು. ಆದರೂ ಹೇಳಬೇಕಾದದ್ದನ್ನು ಹೇಳುವುದೇ ಪತ್ರಿಕೆಯ ಕೆಲಸವಷ್ಟೆ.

2025ರ ಸೆಪ್ಟೆಂಬರ್ 30, ಮಂಗಳವಾರ. ರಾತ್ರಿ ಎಂಟು ಗಂಟೆಗೆ ರಾಬರ್ಟ್‌ಸನ್‌ಪೇಟೆಯಿಂದ ಹೊರಟ ಬಾಡಿಗೆ ಬಸ್ಸು ಒಂಬತ್ತರ ಹೊತ್ತಿಗೆ ಬಂಗಾರಪೇಟೆಗೆ ಬಂದು, ಅಲ್ಲಿ ಕಾದಿದ್ದ ಹದಿನಾಲ್ಕು ಜನರನ್ನು ಹತ್ತಿಸಿಕೊಂಡಿತು. ಅವರಲ್ಲಿ ನಾವೂ ಸೇರಿದ್ದೆವು. ಒಟ್ಟು 44 ಜನ. ಹೆಂಗಸರು 19. ಒಬ್ಬರನ್ನು ಬಿಟ್ಟರೆ ಮಿಕ್ಕವರೆಲ್ಲ ಮೊದಲ ಸಲ ಹೋಗುವವರು. ಗಣಿಯಲ್ಲಿ ದುಡಿದು ಮನೆಗೆ ಕೂತ ಮುದುಕರು, ದಿನವೂ ಮಾರಿಕುಪ್ಪಂ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಕ್ಕಳು, ಗುತ್ತಿಗೆ ಕೆಲಸದ ಹುಡುಗರು, ಇಬ್ಬರು ತರಕಾರಿ ವ್ಯಾಪಾರಿಗಳು, ಒಬ್ಬ ಚಪ್ಪಲಿ ಅಂಗಡಿಯಾತ, ಪಾನಿಪೂರಿ ಗಾಡಿಯ ಒಬ್ಬ. ಶ್ರೀಮಂತರೆನ್ನಬಹುದಾದ ಒಂದು ಮುಖವೂ ಆ ಬಸ್ಸಿನಲ್ಲಿ ಇರಲಿಲ್ಲ.

ಹೋಗುತ್ತಿದ್ದುದು ನಾಗಪುರದ ದೀಕ್ಷಾಭೂಮಿಗೆ. 1956ರ ಅಕ್ಟೋಬರ್ 14ರಂದು, ಆ ವರ್ಷದ ವಿಜಯದಶಮಿಯ ದಿನ, ಡಾ. ಅಂಬೇಡ್ಕರರು ಕುಶಿನಗರದ ಭಿಕ್ಷು ಚಂದ್ರಮಣಿಯವರಿಂದ ಬೌದ್ಧ ದೀಕ್ಷೆ ಪಡೆದು, ನೆರೆದಿದ್ದ ಮೂರು ಲಕ್ಷಕ್ಕೂ ಮೀರಿದ ಜನರಿಗೆ ತಾವೇ ದೀಕ್ಷೆ ಕೊಟ್ಟ ಜಾಗ ಅದು. ಹಿಂದುವಾಗಿ ಹುಟ್ಟಿದರೂ ಹಿಂದುವಾಗಿ ಸಾಯಲಾರೆನೆಂದು 1935ರಲ್ಲಿ ಯೇವಲಾದಲ್ಲಿ ಅವರು ಸಾರಿದ್ದರು. ಆ ಮಾತನ್ನು ನಡೆಸಿಕೊಡಲು ಇಪ್ಪತ್ತೊಂದು ವರ್ಷ ಹಿಡಿಯಿತು. ದೀಕ್ಷೆಯಾಗಿ ಎರಡು ತಿಂಗಳು ತುಂಬುವುದರೊಳಗೆ, ಡಿಸೆಂಬರ್ 6ರಂದು ಅವರು ತೀರಿಕೊಂಡರು. ಅಂದಿನಿಂದ ಪ್ರತಿ ವಿಜಯದಶಮಿಗೂ ಅಲ್ಲಿ ಲಕ್ಷಾಂತರ ಜನ ಸೇರುತ್ತಾರೆ.

ಹಬ್ಬದ ವ್ಯಾಪಾರ ಬಿಟ್ಟು ಬಂದವರು

ನಮ್ಮ ಓದುಗರಲ್ಲಿ ಅನೇಕರು ಸಣ್ಣ ವ್ಯಾಪಾರಿಗಳು. ಆಯುಧಪೂಜೆಯ ಹಿಂದಿನ ರಾತ್ರಿ ಅಂಗಡಿ ಮುಚ್ಚಿ ಊರು ಬಿಡುವುದೆಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು, ಸೇವಂತಿಗೆ, ಕಡ್ಲೆಪುರಿ—ವರ್ಷದ ನಷ್ಟವನ್ನು ತುಂಬಿಕೊಡುವ ಎರಡು ದಿನಗಳವು. ಬಸ್ಸಿನಲ್ಲಿದ್ದ ತರಕಾರಿ ಅಮ್ಮ ಒಬ್ಬರು ಅದನ್ನು ಬಿಟ್ಟು ಬಂದಿದ್ದರು. ನಾವು ಕೇಳಿದೆವು: "ಇದೇನಮ್ಮ, ಕುಂಬಳಕಾಯಿ ವ್ಯಾಪಾರ ಬಿಟ್ಟು ಬಂದಿದ್ದೀರಿ?"

"ಮೂವತ್ತು ವರ್ಷದಿಂದ ಊರಿನವರ ಮಿಷನ್ನಿಗೆಲ್ಲ ಕುಂಬಳಕಾಯಿ ಮಾರಿದ್ದೀನಿ ಸಾಮಿ," ಎಂದರು ಆಕೆ. "ದುಡ್ಡು ಬಂತು, ಹೋಯ್ತು. ಕೈಗೆ ಚಿಲ್ಲರೆ ಹಾಕೋರು ಮೇಲಿಂದ ಹಾಕೋದು ಮಾತ್ರ ಹೋಗಲಿಲ್ಲ. ಒಂದು ವರ್ಷ ನಾನು ಇಲ್ಲದೆ ಇರಲಿ, ನೋಡೋಣ."

ನಾವು ಮುಂದೆ ಕೇಳಲಿಲ್ಲ.

ತಲೆಗೆ 3,600 ರೂಪಾಯಿ ಬಿದ್ದಿತ್ತು. ಬಾಡಿಗೆ, ಡೀಸೆಲ್, ಸುಂಕದ ಕಟ್ಟೆಗಳ ಹಣ, ದಾರಿಯ ಅಡಿಗೆ ಎಲ್ಲ ಸೇರಿ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಒಂದು ಚೀಟಿ ಹಾಕಿಕೊಂಡು ದಿನಕ್ಕೆ ಹತ್ತು ರೂಪಾಯಿಯಂತೆ ವರ್ಷವಿಡೀ ಕಟ್ಟಿದ್ದರು. ಲೆಕ್ಕ ಬರೆದ ಪುಸ್ತಕವನ್ನು ನಾವು ನೋಡಿದೆವು. ಒಂದು ದಿನವೂ ತಪ್ಪಿಲ್ಲ, ಒಂದು ರೂಪಾಯಿಯೂ ಹೆಚ್ಚುಕಡಿಮೆಯಿಲ್ಲ. ಸಂಘ ಕಟ್ಟಲು ಬಾರದವರೆಂದು ನಾವು ಬಗೆದಿದ್ದವರ ಲೆಕ್ಕದ ಪುಸ್ತಕ ಅದು! ಗುತ್ತಿಗೆಯ ಹುಡುಗರಲ್ಲಿ ಇಬ್ಬರು ಮಾತ್ರ ವಾರದ ಬಡ್ಡಿಗೆ ಸಾಲ ತಂದಿದ್ದರು. ಅದರ ಮಾತು ಮುಂದೆ ಬರುತ್ತದೆ.

ಗಣಿಯವರಿಗೆ ಇದು ಹೊಸದಲ್ಲ

ಚಿಂತಾಮಣಿ ದಾಟಿ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿ ಸೇರುವ ಹೊತ್ತಿಗೆ ಹುಡುಗರೆಲ್ಲ ಮಲಗಿದ್ದರು. ಪಕ್ಕದ ಸೀಟಿನ ತಾತ ಮಲಗಲಿಲ್ಲ. ಎಪ್ಪತ್ತೆಂಟು ವರ್ಷ. ಚಾಂಪಿಯನ್ ರೀಫ್ ಕಡೆಯ ಗಣಿಯಲ್ಲಿ ದುಡಿದವರು. ರಾತ್ರಿಪಾಳಿಯ ಅಭ್ಯಾಸ ಮೈಗೆ ಹತ್ತಿ ಹೋಗಿದೆ, ಈಗಲೂ ನಿದ್ದೆ ಬರುವುದಿಲ್ಲವೆಂದರು. ಅಂಬೇಡ್ಕರರು 1954ರಲ್ಲಿ ಕೆ.ಜಿ.ಎಫ್.ಗೆ ಬಂದಾಗ ತಾತನಿಗೆ ಏಳು ವರ್ಷ. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರು. "ಜನ ಕಂಡ್ರು. ಅವರು ಕಾಣಲಿಲ್ಲ. ಕಂಡೆ ಅಂತ ಅಪ್ಪನಿಗೆ ಸುಳ್ಳು ಹೇಳಿದೆ," ಎಂದು ನಕ್ಕರು.

ಬೌದ್ಧಧರ್ಮ ನಮ್ಮ ಗಣಿಯ ಲೈನುಗಳಿಗೆ 1956ರಲ್ಲಿ ಬಂದದ್ದಲ್ಲ. ಅದಕ್ಕೆ ಅರ್ಧ ಶತಮಾನ ಮುಂಚೆಯೇ ಬಂದಿತ್ತು. ಜಾನ್ ಟೇಲರ್ ಕಂಪನಿಯವರು 1880ರಿಂದ ಗಣಿ ಅಗೆಸಲು ತೊಡಗಿದಾಗ, ತಳದ ಕೆಲಸಕ್ಕೆ ಬಂದವರಲ್ಲಿ ಬಹುಮಂದಿ ಉತ್ತರ ಆರ್ಕಾಟಿನ ಕಡೆಯ ಆದಿದ್ರಾವಿಡರು. ಊರ ಹೊರಗಿನ ಕೇರಿಯಿಂದ ಬಂದು ಕಂಪನಿಯ ತಟ್ಟಿ ಗುಡಿಸಲಿನಲ್ಲಿ ನಿಂತ ಜನ. ಅಯೋತಿ ದಾಸ ಪಂಡಿತರು ಮದರಾಸಿನಲ್ಲಿ 1898ರಲ್ಲಿ ಶಾಕ್ಯ ಬೌದ್ಧ ಸಂಘ ಸ್ಥಾಪಿಸಿ, 1907ರಲ್ಲಿ ಒಂದು ಪೈಸೆಯ ವಾರಪತ್ರಿಕೆ ಆರಂಭಿಸಿದಾಗ, ಅದಕ್ಕೆ ಓದುಗರೂ ಬೆಂಬಲಿಗರೂ ದೊರೆತ ಮುಖ್ಯ ಸ್ಥಳಗಳಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳೂ ಸೇರಿದ್ದವು. ಪಂಡಿತರು 1914ರಲ್ಲಿ ತೀರಿಕೊಂಡರು. 1920ರ ದಶಕದಲ್ಲಿ ಆ 'ತಮಿಳನ್' ಪತ್ರಿಕೆಗೆ ಮರುಜೀವ ಕೊಟ್ಟು ನಡೆಸಿದ್ದು ನಮ್ಮ ಚಿನ್ನದ ಗಣಿ ಪ್ರದೇಶದಿಂದಲೇ. ನೆಲದಡಿಯಲ್ಲಿ ಎಂಟು ಗಂಟೆ ಬಂಡೆ ಕೊರೆದು ಮೇಲೆ ಬಂದವನು ದೀಪದ ಬೆಳಕಿನಲ್ಲಿ ಬುದ್ಧನ ವಿಚಾರ ಓದುತ್ತಿದ್ದನು. ಆ ಓದನ್ನು ಅವನಿಗೆ ಯಾವ ಸರಕಾರವೂ ಕಲಿಸಲಿಲ್ಲ, ಯಾವ ಕಂಪನಿಯೂ ಕಲಿಸಲಿಲ್ಲ.

ಬೌದ್ಧ ವಿಚಾರಕ್ಕೂ ಕಾರ್ಮಿಕ ಚಳವಳಿಗೂ ಆ ಕಾಲದಲ್ಲಿ ಹಗೆತನವಿರಲಿಲ್ಲವೆಂಬುದನ್ನು ನಮ್ಮ ಗೆಳೆಯರು ಗಮನಿಸಬೇಕು. 1923ರಲ್ಲಿ ಮದರಾಸಿನಲ್ಲಿ ಭಾರತದ ಮೊದಲ ಮೇ ದಿನಾಚರಣೆ ನಡೆಸಿದ ಸಿಂಗಾರವೇಲು ಚೆಟ್ಟಿಯಾರರು ಮದರಾಸಿನ ಮಹಾಬೋಧಿ ಸಭೆಯ ಕೆಲಸದಲ್ಲಿಯೂ ಇದ್ದವರು. ಅಲ್ಲಿಯೇ ಪಿ. ಲಕ್ಷ್ಮೀನರಸು ಅವರು 1907ರಲ್ಲಿ ಬೌದ್ಧಧರ್ಮದ ಸಾರವನ್ನು ಕುರಿತು ಬರೆದ ಗ್ರಂಥಕ್ಕೆ 1948ರ ಮುದ್ರಣದಲ್ಲಿ ಅಂಬೇಡ್ಕರರೇ ಮುನ್ನುಡಿ ಬರೆದರು. ನಮ್ಮ ಗಣಿಯಲ್ಲೇ ನೋಡಿ: 1930ರಲ್ಲಿ ಕೆಲಸಗಾರರ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡು ದಾಖಲೆ ಮಾಡುತ್ತೇವೆಂದು ಕಂಪನಿ ಹೊರಟಾಗ, ನಾವೇನು ಕಳ್ಳರೇ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಆ ಮುಷ್ಕರ ಕೂಲಿಯ ಕಾಸಿಗಾಗಿ ಹುಟ್ಟಿದ್ದಲ್ಲ, ಮಾನಕ್ಕಾಗಿ ಹುಟ್ಟಿದ್ದು. ಮಾನ ಎಂಬ ಪದ ಅವರಿಗೆ ಎಲ್ಲಿಂದ ಬಂತು? ಅದಕ್ಕೆ ಆ ಓದಿನ ಕೊಠಡಿಗಳೂ ಒಂದು ಕಾರಣವೆಂದು ನಾವು ನಂಬುತ್ತೇವೆ.

ಧರ್ಮದ ಕಾಲಮ್ಮಿನಲ್ಲಿ ಏನು ಬರೆಸುವುದು?

ಬೆಳಗಿನ ಜಾವಕ್ಕೆ ಕರ್ನೂಲಿನಲ್ಲಿ ತುಂಗಭದ್ರೆ, ಮುಂದೆ ಕೃಷ್ಣೆ. ಹೈದರಾಬಾದಿನ ಹೊರವಲಯದಲ್ಲಿ ಬಸ್ಸು ನಿಲ್ಲಿಸಿ ಚಿತ್ರಾನ್ನ ತಿಂದೆವು. ಅಲ್ಲಿ ಎದ್ದ ಚರ್ಚೆ ಗೋದಾವರಿಯ ಸೇತುವೆಯವರೆಗೂ ಮುಗಿಯಲಿಲ್ಲ.

ನಮ್ಮ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಆರಂಭವಾಗಿತ್ತು. ಶಾಲೆಯ ಮೇಷ್ಟ್ರುಗಳು ಮನೆ ಮನೆಗೆ ಬರುತ್ತಿದ್ದರು. ಧರ್ಮ ಎಂಬ ಕಾಲಮ್ಮಿನಲ್ಲಿ ಏನು ಬರೆಸುವುದೆಂಬುದು ಚರ್ಚೆ. ಹೊಲಿಗೆ ಕೆಲಸದ ಒಬ್ಬ ಹುಡುಗಿ "ಬೌದ್ಧ ಅಂತಲೇ ಬರೆಸಬೇಕು, ಇಲ್ಲವಾದರೆ ಇಷ್ಟು ದೂರ ಬರೋದ್ಯಾಕೆ?" ಎಂದಳು. ಚಪ್ಪಲಿ ಅಂಗಡಿಯ ಅಣ್ಣ ಒಪ್ಪಲಿಲ್ಲ. "ನಿನಗೇನಮ್ಮ, ನನ್ನ ಮಗ ಪರೀಕ್ಷೆ ಬರೀತಾವ್ನೆ. ಸರ್ಟಿಫಿಕೇಟು ಹೋದ್ರೆ ನೀನು ಕೊಡಿಸ್ತೀಯಾ?" ಎಂದರು.

ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಡವನ ಮಗನಿಗೆ ಆ ಒಂದು ಕಾಗದವೇ ಹೊಲ, ಅದೇ ಗದ್ದೆ. ಆದರೆ ವಾಚಕರು ಒಂದು ವಿಷಯವನ್ನು ಖಚಿತವಾಗಿ ತಿಳಿದಿರಬೇಕು. 1950ರ ಆದೇಶದಂತೆ ಪರಿಶಿಷ್ಟ ಜಾತಿಯ ಸವಲತ್ತು ಹಿಂದುಗಳಿಗೆ ಮಾತ್ರವಿತ್ತು. 1956ರಲ್ಲಿ ಅದು ಸಿಖ್ಖರಿಗೂ, 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಪರಿಶಿಷ್ಟ ಜಾತಿಯವನು ಬೌದ್ಧನಾದ ಮಾತ್ರಕ್ಕೆ ಕಾನೂನಿನಲ್ಲಿ ಆ ಹಕ್ಕು ಹೋಗುವುದಿಲ್ಲ. ಅಂದರೆ ಮೂವತ್ತೈದು ವರ್ಷದ ಹಿಂದೆಯೇ ತೀರ್ಮಾನವಾದ ಮಾತು ನಮ್ಮ ಬಂಗಾರಪೇಟೆಯ ಚಪ್ಪಲಿ ಅಂಗಡಿಗೆ ಇನ್ನೂ ಮುಟ್ಟಿಲ್ಲ! ಇದು ಯಾರ ತಪ್ಪು? ಸರಕಾರದ್ದು ಹೌದು. ಊರಲ್ಲೇ ಕೂತು ವಾರಕ್ಕೊಂದು ಸಂಚಿಕೆ ತರುವ ನಮ್ಮದೂ ಹೌದು.

ಗುತ್ತಿಗೆಯ ಹುಡುಗರು ನಗುತ್ತಾ ಕೂತಿದ್ದಾಗ ಹಿಂದಿನ ಸೀಟಿನ ಅಕ್ಕ ಒಬ್ಬರು ಎದ್ದು ನಿಂತರು. "ಕಾಲಮ್ಮಿನಲ್ಲಿ ಏನಾದ್ರೂ ಬರೆಸ್ಕೊಳ್ಳಿ. ಇಪ್ಪತ್ತೆರಡು ಪ್ರತಿಜ್ಞೆಯಲ್ಲಿ ಕುಡಿಯಬಾರದು ಅಂತ ಒಂದೈತೆ. ಅದನ್ನು ಬರೆಸ್ಕೋತೀರಾ?" ಎಂದರು. ನಗು ನಿಂತಿತು. ಅಂಬೇಡ್ಕರರು ಜನರಿಂದ ಮಾಡಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಹಳೆಯ ದೇವರುಗಳನ್ನು ಬಿಡುವ ಮಾತೇ ಎಲ್ಲರ ಬಾಯಲ್ಲಿ ಓಡಾಡುತ್ತದೆ. ಗಣಿ ಊರಿನ ಹೆಂಗಸರು ಹುಡುಕಿ ಇಟ್ಟುಕೊಂಡದ್ದು ಮದ್ಯ ಮುಟ್ಟಬಾರದೆಂಬುದನ್ನು. ಗಂಡಸರ ಸಭೆಯಲ್ಲಿ ಅದು ಮೇಲೆ ಬಾರದ್ದು ಆಶ್ಚರ್ಯವಲ್ಲ.

ದೀಕ್ಷಾಭೂಮಿ

ಪೈನಗಂಗಾ ದಾಟಿ ಮಹಾರಾಷ್ಟ್ರದೊಳಕ್ಕೆ ಬಂದಾಗ ಸಂಜೆ. ಹತ್ತಿಯ ಹೊಲಗಳು, ಹಿಂಗಣಘಾಟ್. ರಾತ್ರಿ ಒಂಬತ್ತೂವರೆಗೆ ನಾಗಪುರ. ಒಂದು ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ಆ ಜಗಲಿಯಲ್ಲಿ ಅದಾಗಲೇ ಮರಾಠವಾಡದ ಕಬ್ಬು ಕಡಿಯುವ ಕೂಲಿಗಳು ಒಂದು ಮೂಲೆಯಲ್ಲಿ, ತೆಲಂಗಾಣದ ಬೀಡಿ ಕೆಲಸದ ಹೆಂಗಸರು ಇನ್ನೊಂದು ಮೂಲೆಯಲ್ಲಿ ಇದ್ದರು. ಬೀಡಿ ಕೆಲಸದವರಿಗೂ ನಮ್ಮ ತರಕಾರಿ ಅಮ್ಮನಿಗೂ ತೆಲುಗಿನಲ್ಲಿ ಮಾತು ಹತ್ತಿತು. ಸಾವಿರ ಬೀಡಿಗೆ ಎಷ್ಟು ಕೊಡುತ್ತಾರೆ, ಎಲೆ ಕೆಟ್ಟದ್ದು ಬಂದರೆ ಯಾರ ತಲೆಗೆ ಎಂಬುದೇ ಮಾತು. ಇಂಥ ಮಾತಿಗಾಗಿ ನಾವು ಎಷ್ಟೋ ಸಮ್ಮೇಳನಗಳನ್ನು ಪೆಂಡಾಲು ಹಾಕಿಸಿ ಕರೆದಿದ್ದೇವೆ. ಅಲ್ಲಿ ಭಾಷಣವಾಯಿತೇ ಹೊರತು ಮಾತು ಆಗಲಿಲ್ಲ.

ಮರುದಿನ ಅಕ್ಟೋಬರ್ 2. ಈ ಸಲ ಗಾಂಧೀ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಬಿದ್ದಿದ್ದವು. ಬೆಳಗ್ಗೆ ಐದಕ್ಕೆ ಹೊರಟ ನಾವು ಸ್ತೂಪದ ಮುಂದೆ ತಲುಪಿದ್ದು ಒಂಬತ್ತಕ್ಕೆ. ದಾರಿಯೆಲ್ಲ ಬಿಳಿ ಬಟ್ಟೆ. ತಳ್ಳಾಟವಿತ್ತು, ಆದರೆ ನುಗ್ಗಾಟವಿರಲಿಲ್ಲ. ವಿಶೇಷ ದರ್ಶನದ ಟಿಕೆಟ್ಟಿನ ಸಾಲು ಎಂಬುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಹಣವಿದ್ದವನು ಮುಂದೆ, ಇಲ್ಲದವನು ಹಿಂದೆ ಎಂಬ ಕ್ರಮವನ್ನು ದೇವಸ್ಥಾನಗಳಲ್ಲಿ ನೋಡಿ ನೋಡಿ ಅಭ್ಯಾಸವಾದ ನಮಗೆ ಅದೇ ಒಂದು ಅಚ್ಚರಿ. ದಾರಿಯ ಎರಡೂ ಬದಿಯಲ್ಲಿ ಊಟ ಬಡಿಸುತ್ತಿದ್ದರು. ಬಡಿಸುವವರು ರೈಲ್ವೆಯ ನೌಕರರು, ಬ್ಯಾಂಕಿನ ನೌಕರರು, ಗಲ್ಲಿಯ ಸಂಘದವರು. ಯಾವ ಜಾತಿ, ಯಾವ ಊರು ಎಂದು ಯಾರೂ ಕೇಳಲಿಲ್ಲ. ಪುಸ್ತಕದ ಅಂಗಡಿಗಳ ಸಾಲು ಮುಗಿಯುವುದೇ ಇಲ್ಲ. ಗೋಣಿತಾಟಿನ ಮೇಲೆ ಪುಸ್ತಕ ಹರಡಿ, ಕಾಲು ಚಾಚಿ ಕೂತು, ಹತ್ತು ರೂಪಾಯಿಗೂ ಚೌಕಾಸಿ ಮಾಡಿ ಕೊಳ್ಳುವ ಕೂಲಿಯವರನ್ನು ನಾವು ಬೇರೆ ಯಾವ ಜಾತ್ರೆಯಲ್ಲೂ ನೋಡಿಲ್ಲ. ನಮ್ಮ ಹೊಲಿಗೆಯ ಹುಡುಗಿ ಕನ್ನಡದ ಪುಸ್ತಕ ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ಓದಲು ಬಾರದ ಮರಾಠಿ ಸಂವಿಧಾನವನ್ನೇ ಒಂದು ತೆಗೆದುಕೊಂಡಳು. "ಚಿತ್ರ ಐತಲ್ಲ," ಎಂದಳು.

ಸ್ತೂಪ ಒಳಗೆ ಟೊಳ್ಳು. ಹೊರಗಿನಿಂದ ಬೆಟ್ಟದಂತೆ ಕಾಣುವುದು ಒಳಗೆ ಹೋದರೆ ಒಂದು ದೊಡ್ಡ ಸಭೆಯಂತಿದೆ. 2001ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನು ಉದ್ಘಾಟಿಸಿದರೆಂದು ಯಾರೋ ಹೇಳಿದಾಗ, ತಾತ ಒಂದು ಗಳಿಗೆ ಸುಮ್ಮನಿದ್ದು, "ಆ ವರ್ಷವೇ ನಮ್ಮದು ಮುಚ್ಚಿದ್ದು," ಎಂದರು. ನಿಜ. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ. ಮೂರು ಕಿಲೋಮೀಟರಿಗೂ ಮೀರಿದ ಆಳ. ತಾತನ ಪಾಲಿಗೆ ಉಳಿದದ್ದು ಕೆಮ್ಮು ಮತ್ತು ಬಿಳಿಯ ಸಯನೈಡ್ ಗುಡ್ಡದಿಂದ ಗಾಳಿಗೆ ಏಳುವ ಧೂಳು.

ಸ್ತೂಪದ ಪಕ್ಕದಲ್ಲಿ ವಾಹನ ನಿಲ್ಲಿಸಲು ನೆಲದಡಿಯಲ್ಲಿ ಜಾಗ ತೋಡುವ ಕೆಲಸ ನಡೆದಿತ್ತೆಂದೂ, ಸ್ತೂಪಕ್ಕೆ ಅಪಾಯವೆಂದು ಜನ 2024ರ ಜುಲೈಯಲ್ಲಿ ಎದ್ದು ನಿಂತಾಗ ಸರಕಾರ ಅದನ್ನು ನಿಲ್ಲಿಸಿತೆಂದೂ ಅಲ್ಲಿ ಕೇಳಿದೆವು. ತಾತ ಹೇಳಿದ್ದು ಇಷ್ಟೇ: "ಕೆಳಗೆ ತೋಡಿದ್ರೆ ಮೇಲೆ ಏನಾಗ್ತದೆ ಅಂತ ನಮ್ಮನ್ನು ಕೇಳಿದ್ದರೆ ಹೇಳ್ತಿದ್ದೆವು." ಬಂಡೆ ಸಿಡಿದು ಮೇಲಿನ ಮನೆಗಳೂ ನಡುಗುತ್ತಿದ್ದ ಊರಿನವರು ಅವರು.

ನಮ್ಮ ಚಳವಳಿಯ ಹಳೆಯ ಸಾಲ

ನಾಗಪುರದಲ್ಲಿ ಇನ್ನೊಂದು ಜಾಗವನ್ನು ನೋಡಬೇಕೆಂದು ನಾವು ಹಟ ಹಿಡಿದು ಹೋದೆವು. ಜಮಶೇಟಜಿ ಟಾಟಾ 1877ರಲ್ಲಿ ಆರಂಭಿಸಿದ ಎಂಪ್ರೆಸ್ ಬಟ್ಟೆ ಗಿರಣಿ ಇದ್ದ ಜಾಗ. ಗಿರಣಿ ಮುಚ್ಚಿ ಹೋಗಿದೆ. ಅಲ್ಲಿ ಈಗ ದೊಡ್ಡ ಮಾರಾಟ ಮಳಿಗೆಗಳ ಕಟ್ಟಡ. 1956ರಲ್ಲಿ ದೀಕ್ಷೆ ಪಡೆದವರಲ್ಲಿ ನಾಗಪುರದ ಗಿರಣಿ ಕೆಲಸಗಾರರು ಬಹಳ ಮಂದಿ ಇದ್ದರು. ಅವರು ಯಾಕೆ ಹೋದರು? ಸಂಘವಿತ್ತಲ್ಲ, ಕೆಂಬಾವುಟವಿತ್ತಲ್ಲ, ಅದು ಸಾಲದೆ ಹೋಯಿತೇ?

ಉತ್ತರ ಮುಂಬಯಿಯ ಗಿರಣಿಗಳಲ್ಲಿದೆ. ಅಲ್ಲಿ ನೇಯ್ಗೆ ಖಾತೆಯಲ್ಲಿ ಕೂಲಿ ಹೆಚ್ಚು. ಆದರೆ ಕಂಡಿಕೆ ಬದಲಾಯಿಸಿದಾಗಲೆಲ್ಲ ನೂಲನ್ನು ಲಾಳಿಯ ತೂತಿನಿಂದ ಬಾಯಲ್ಲಿ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲು ತಮ್ಮ ಬಾಯಿಗೆ ಬರುವುದೆಂದು ಮಿಕ್ಕ ಕೆಲಸಗಾರರು ಅವರನ್ನು ಆ ಖಾತೆಗೆ ಸೇರಿಸುತ್ತಿರಲಿಲ್ಲ. ಮಾಲೀಕ ತಡೆದದ್ದಲ್ಲ, ಜೊತೆಗಾರನೇ ತಡೆದದ್ದು! 1928ರ ಮಹಾಮುಷ್ಕರದ ಕಾಲದಲ್ಲಿ ಅಂಬೇಡ್ಕರರು ಈ ಮಾತನ್ನು ಎತ್ತಿ ಒತ್ತಾಯಿಸಿದ ಮೇಲೆಯೇ ಮುಷ್ಕರದ ನಾಯಕರು ಅದನ್ನು ಬೇಡಿಕೆಗಳ ಪಟ್ಟಿಗೆ ಸೇರಿಸಿಕೊಂಡರು. ದುಡಿಯುವವರೆಲ್ಲ ಒಂದೇ ವರ್ಗವೆಂದು ನಾವು ಬರೆಯುತ್ತೇವೆ. ಒಂದೇ ಲಾಳಿಗೆ ಬಾಯಿಡಲಾರದವರು ಒಂದೇ ವರ್ಗವಾಗುವುದು ಹೇಗೆಂಬ ಪ್ರಶ್ನೆಯನ್ನು ನಾವಾಗಿ ಕೇಳಿಕೊಳ್ಳಲಿಲ್ಲ. ಕೇಳಿದವನನ್ನು ಒಡಕು ತರುವವನೆಂದೆವು. ಹೀಗಿರುವಲ್ಲಿ ಆ ಜನ ನಮ್ಮ ಸಭೆ ಬಿಟ್ಟು ದೀಕ್ಷಾಭೂಮಿಗೆ ಹೋದರೆ ದೂರುವ ಹಕ್ಕು ನಮಗೆಲ್ಲಿಯದು?

ಮತ್ತು ಅವರು ಹೋದದ್ದು ಕೂಲಿಯ ಪ್ರಶ್ನೆಯನ್ನು ಮರೆತವನ ಹಿಂದೆ ಅಲ್ಲ. ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ 1943ರ ಡಿಸೆಂಬರಿನಲ್ಲಿ ಧನಬಾದಿನ ಕಡೆ ಕಲ್ಲಿದ್ದಲ ಗಣಿಯೊಳಗೆ ಸ್ವತಃ ಇಳಿದು ನೋಡಿದವರು ಅಂಬೇಡ್ಕರರು. ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ಬಂದದ್ದು ಅವರ ಕಾಲದಲ್ಲಿ, 1946ರಲ್ಲಿ. ದೀಕ್ಷೆಯ ಮುಂದಿನ ತಿಂಗಳು ಕಠ್ಮಂಡುವಿನ ಬೌದ್ಧ ಸಮ್ಮೇಳನದಲ್ಲಿ ಅವರು ಮಾತಾಡಿದ್ದು ಬುದ್ಧ ಮತ್ತು ಮಾರ್ಕ್ಸರನ್ನು ಕುರಿತು. ಶೋಷಣೆ ಹೋಗಬೇಕೆಂಬ ಗುರಿ ಇಬ್ಬರದೂ ಒಂದು, ಮಾರ್ಗ ಬೇರೆ ಎಂಬುದು ಅವರ ವಾದದ ತಿರುಳು. ಮಾರ್ಗದ ಬಗ್ಗೆ ನಾವು ಅವರೊಡನೆ ಇನ್ನೂ ವಾದಿಸಬಹುದು. ಗುರಿಯನ್ನು ಅವರು ಬಿಟ್ಟರೆಂದು ಮಾತ್ರ ಯಾರೂ ಹೇಳುವಂತಿಲ್ಲ.

ನಮ್ಮ ತಕರಾರು

ಹಾಗೆಂದು ಕಂಡದ್ದೆಲ್ಲ ನಮಗೆ ಒಪ್ಪಿಗೆಯಾಯಿತೆಂದಲ್ಲ. ದಾರಿಬದಿಯ ವೇದಿಕೆಗಳಲ್ಲಿ ಅವರವರ ಮುಖದ ದೊಡ್ಡ ಬ್ಯಾನರು ಕಟ್ಟಿಕೊಂಡು ನಾಯಕರೆನ್ನುವವರು ನಿಂತಿದ್ದರು. ಬಾಬಾಸಾಹೇಬರ ಚಿತ್ರ ಅಂಗೈಯಗಲ, ತಮ್ಮ ಚಿತ್ರ ಆಳೆತ್ತರ. ಮೂರು ತಾಸು ನಿಂತು ಕೇಳಿದೆವು; ದುಡಿಮೆಯ ಗಂಟೆಯ ಮಾತು, ಗುತ್ತಿಗೆ ಕೂಲಿಯ ಮಾತು ಒಂದು ಸಲವೂ ಬರಲಿಲ್ಲ. 1946ರ ಮಸೂದೆ ತಂದವರ ಹೆಸರಿನಲ್ಲಿ ಜನ ಸೇರಿದ್ದರು. ನಮ್ಮ ರಾಜ್ಯದ ಶಾಸನಸಭೆಯೋ 2023ರಲ್ಲಿ ಕಾರ್ಖಾನೆ ಕಾನೂನಿಗೆ ತಿದ್ದುಪಡಿ ಮಾಡಿ, ವಾರಕ್ಕೆ 48 ಗಂಟೆಯ ಲೆಕ್ಕದೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ಆ ಸುದ್ದಿ ಯಾವ ವೇದಿಕೆಗೂ ಹತ್ತಲಿಲ್ಲ. ಜಯಘೋಷದಿಂದ ಪಾಳಿಯ ಗಂಟೆ ಕಡಿಮೆಯಾಗುವುದಿಲ್ಲ.

ಇನ್ನೊಂದು ಮಾತು. ಬುದ್ಧನ ಪುಟ್ಟ ಗೊಂಬೆಗಳಿಗೆ ಊದುಬತ್ತಿ ಹಚ್ಚಿ, ಹಣೆ ಮುಟ್ಟಿಸಿ, ಹರಕೆ ಹೊರುವವರನ್ನೂ ಕಂಡೆವು. ಹಳೆಯ ದೇವರನ್ನು ಇಳಿಸಿದ ಗೂಡಿನಲ್ಲಿ ಹೊಸ ದೇವರನ್ನು ಕೂರಿಸುವುದಕ್ಕಾಗಿ ಅಂದು ಅಷ್ಟು ಜನ ಬರಲಿಲ್ಲ. ಇದನ್ನು ನಾವು ಹೊರಗಿನವರಾಗಿ ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ಆದರೆ ನಮ್ಮ ಬಸ್ಸಿನ ಅಕ್ಕನೇ ಅದನ್ನು ಇನ್ನೂ ಖಾರವಾಗಿ ಹೇಳಿದರು. ಇಲ್ಲಿ ಅಚ್ಚು ಹಾಕುವಂತಿಲ್ಲ.

ಇನ್ನು ಮಾಡಬೇಕಾದದ್ದು

ಬರಿಯ ಪ್ರವಾಸ ವರ್ಣನೆಯಿಂದ ಯಾರಿಗೂ ಪ್ರಯೋಜನವಿಲ್ಲ. ನಮ್ಮ ಸೂಚನೆಗಳು ಇವು.

ಮೊದಲನೆಯದು, ರಜೆ. 1963ರ ರಾಜ್ಯದ ಕಾನೂನಿನಂತೆ ಅಕ್ಟೋಬರ್ 2 ಸಂಬಳ ಸಹಿತ ರಜಾದಿನ. ಈ ಸಲ ಹಬ್ಬವೂ ಅದೂ ಒಂದೇ ದಿನ ಬಿದ್ದು ಕೆಲಸಗಾರರಿಗೆ ಒಂದು ರಜೆ ನಷ್ಟವಾಯಿತು. ನಾಗಪುರಕ್ಕೆ ಹೋಗಿಬರುವವರಿಗೆ ಹಬ್ಬದ ಮಾರನೆಯ ದಿನ ರಜೆ ಕೊಡಬೇಕೆಂದು ಗಾರ್ಮೆಂಟ್ಸಿನ ಸಂಘಗಳು ಮುಂದಿನ ವರ್ಷಕ್ಕೆ ಈಗಲೇ ಬರೆದು ಕೊಡಲಿ. ಶಬರಿಮಲೆಗೆ ಹೋಗುವವನಿಗೆ, ವೇಳಾಂಗಣಿಗೆ ಹೋಗುವವನಿಗೆ ಮೇಸ್ತ್ರಿ ಒಪ್ಪುವುದಾದರೆ ನಾಗಪುರಕ್ಕೆ ಹೋಗುವವಳಿಗೆ ಏಕೆ ಒಪ್ಪಬಾರದು?

ಎರಡನೆಯದು, ರೈಲು. ಬಂಗಾರಪೇಟೆ ಜಂಕ್ಷನ್. ವಿಜಯದಶಮಿಗೆ ಇಲ್ಲಿಂದ ನಾಗಪುರಕ್ಕೆ ಒಂದು ವಿಶೇಷ ಗಾಡಿ ಬಿಟ್ಟರೆ 3,600 ರೂಪಾಯಿಯ ಖರ್ಚು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಈ ಬೇಡಿಕೆಗೆ ಸಹಿ ಸಂಗ್ರಹಿಸಲು ನಮ್ಮ ಕಚೇರಿಯ ಮೇಜು ತೆರೆದಿದೆ.

ಮೂರನೆಯದು, ಸಾಲ. ವಾರದ ಬಡ್ಡಿಗೆ ಹಣ ತಂದ ಆ ಇಬ್ಬರು ಹುಡುಗರು ಈ ಯಾತ್ರೆಯ ಸಾಲವನ್ನು ಬರುವ ಯುಗಾದಿಯವರೆಗೂ ತೀರಿಸುತ್ತಿರುತ್ತಾರೆ. ಹೆಣ್ಣುಮಕ್ಕಳ ಚೀಟಿಗೆ ಗಂಡಸರನ್ನೂ ಸೇರಿಸಿಕೊಳ್ಳಬೇಕೆಂದು ನಾವು ಕೇಳಿಕೊಂಡೆವು. "ಕುಡಿಯದವರನ್ನು ಸೇರಿಸ್ಕೋತೀವಿ," ಎಂಬ ಉತ್ತರ ಬಂದಿದೆ. ಷರತ್ತು ನ್ಯಾಯವಾದದ್ದೇ.

ನಾಲ್ಕನೆಯದು ನಮಗೇ ಸಂಬಂಧಿಸಿದ್ದು. ಜಾತಿ ಪ್ರಮಾಣಪತ್ರದ ಕಾನೂನು, ರಜೆಯ ಕಾನೂನು, ಕೂಲಿಯ ಕಾನೂನು ಇವನ್ನು ಒಂದೊಂದು ಪುಟದಲ್ಲಿ ತಿಳಿಯಾಗಿ ಅಚ್ಚು ಹಾಕಿ ಮುಂದಿನ ವರ್ಷದ ಬಸ್ಸಿನಲ್ಲಿ ಹಂಚುತ್ತೇವೆ. ದೀಕ್ಷಾಭೂಮಿಯ ಗೋಣಿತಾಟಿನ ಮೇಲೆ ಕನ್ನಡದ ಪುಸ್ತಕವೂ ಇರುವಂತೆ ಮಾಡುವುದು ನಮ್ಮ ಕೈಲಾದ ಕೆಲಸ. ನಮ್ಮ ಹುಡುಗಿ ಬರಿಯ ಚಿತ್ರ ನೋಡಿಕೊಂಡು ಬರಬೇಕಾದ್ದಿಲ್ಲ.

ಅಕ್ಟೋಬರ್ 4, ಶನಿವಾರ. ಇನ್ನೂ ಬೆಳಕು ಹರಿಯದ ಹೊತ್ತಿಗೆ ಬಸ್ಸು ಬಂಗಾರಪೇಟೆಗೆ ಬಂತು. ರೈಲು ನಿಲ್ದಾಣದ ಕಡೆಗೆ ಊಟದ ಡಬ್ಬಿ ಹಿಡಿದ ಜನ ಎಂದಿನಂತೆ ಓಡುತ್ತಿದ್ದರು. ನಮ್ಮ ಬಸ್ಸಿನಿಂದ ಇಳಿದ ಹೊಲಿಗೆಯ ಹೆಣ್ಣುಮಕ್ಕಳಲ್ಲಿ ಐದು ಜನ ಮನೆಗೆ ಹೋಗಲಿಲ್ಲ. ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು, ಚೀಲಗಳನ್ನು ತರಕಾರಿ ಅಮ್ಮನ ಕೈಗೆ ಕೊಟ್ಟು, ಅದೇ ಗಾಡಿಗೆ ಓಡಿದರು. ಇನ್ನೊಂದು ದಿನದ ಕೂಲಿ ಹೋದರೆ ತಡೆಯಲಾಗದು.

"ನೀವೂ ಅವರ ಹಿಂದೆ ಹೊರಟಿರಾ?" ಎಂದು ನಮ್ಮ ಗೆಳೆಯರು ಕೇಳಿದ್ದರಷ್ಟೆ. ಹೌದು, ಹಿಂದೆಯೇ ಹೊರಟೆವು. ಅವರು ನಮಗಿಂತ ಬಹಳ ಮುಂದೆ ಇದ್ದಾರೆಂಬುದು ಹಿಂದೆ ಹೋಗಿದ್ದರಿಂದಲೇ ತಿಳಿಯಿತು. ಬರುವ ವಿಜಯದಶಮಿಗೆ ಆ ಗೆಳೆಯರ ಹೆಸರಿನಲ್ಲಿಯೂ ಒಂದು ಸೀಟು ಹೇಳಿಟ್ಟಿದ್ದೇವೆ. ದಿನಕ್ಕೆ ಹತ್ತು ರೂಪಾಯಿ ಅವರು ಇಂದಿನಿಂದಲೇ ಕಟ್ಟತಕ್ಕದ್ದು.